384 ಅಂಗಡಿ, ಒಂದು ಪಿಎಚ್‌ಡಿ

ಭಾಗ 1

ಹೋದ ವಾರ ಸ್ಟೋರಿಯಲ್ಲಿ ಒಂದು ಪ್ರಶ್ನೆ ಹಾಕಿದ್ದೆ: ಕಾಮರ್ಸ್‌ನಲ್ಲಿ ಪಿಎಚ್‌ಡಿ ಮಾಡೋರು ದಿನಾ ಏನು ಮಾಡ್ತಾರೆ? ನೀವು ಕಳಿಸಿದ ಉತ್ತರಗಳಲ್ಲಿ ಅತಿ ಹೆಚ್ಚು ಬಂದಿದ್ದು "ಏನೂ ಮಾಡಲ್ಲ". ಎರಡನೇದು "ಗೈಡ್ ಮನೆಗೆ ತರಕಾರಿ ತರ್ತಾರೆ". ಸ್ಕ್ರೀನ್‌ಶಾಟ್ ತೆಗೆದು ಅಕ್ಕನಿಗೆ ಕಳಿಸಿದೆ. ನಗೋ ಎಮೋಜಿ ಬರಲಿಲ್ಲ. "ವರ್ಷದಿಂದ ನನ್ ಜೊತೆ ತಿರುಗ್ತಿದ್ದೀಯಲ್ಲ, ನೀನೇ ಬರಿ" ಅಂತ ಒಂದು ಸಾಲು ಬಂತು.

ಅದಕ್ಕೇ ಈ ಸರಣಿ. ಒಂದೇ ಕ್ಯಾಪ್ಷನ್‌ನಲ್ಲಿ ಹಿಡಿಸಲ್ಲ, ಭಾಗ ಮಾಡಿ ಹಾಕ್ತೀನಿ.

ಅಕ್ಕ ಅಂದ್ರೆ ನಮ್ಮ ದೊಡ್ಡಮ್ಮನ ಮಗಳು. 31 ವರ್ಷ. ಬೆಳಗ್ಗೆ ಒಂದು ಖಾಸಗಿ ಕಾಲೇಜಲ್ಲಿ ಪಾಠ, ಉಳಿದ ಹೊತ್ತಲ್ಲಿ ಯೂನಿವರ್ಸಿಟಿಯ ಬಿಸಿನೆಸ್ ಸ್ಕೂಲಿನ ಪಾರ್ಟ್ ಟೈಮ್ ಸಂಶೋಧನಾ ವಿದ್ಯಾರ್ಥಿನಿ. ಅವಳ ವಿಷಯ: ಸಣ್ಣ ವ್ಯಾಪಾರಿಗಳು ಯುಪಿಐನ ಯಾಕೆ ತಗೊಂಡರು, ತಗೊಂಡ ಮೇಲೆ ಏನಾಯ್ತು. ಸೈನ್ಸ್‌ನೋರಿಗೆ ಲ್ಯಾಬ್ ಇರುತ್ತೆ, ಹಿಸ್ಟರಿಯೋರಿಗೆ ಹಳೇ ಕಡತ ಇರುತ್ತೆ. ಇವಳಿಗೆ ಇರೋದು ಶಿವಮೊಗ್ಗದ ಗಾಂಧಿ ಬಜಾರು, ದುರ್ಗಿಗುಡಿ, ಆಮೇಲೆ ವಿನೋಬನಗರದ ನಮ್ಮ ಬೀದಿ. ಮೊದಲ ಫೋಟೋದಲ್ಲಿ ಕಾಣ್ತಿರೋ ನೀಲಿ ಕೈಚೀಲದಲ್ಲಿ ಇರೋದು ಪ್ರಶ್ನಾವಳಿ. ಒಂದೊಂದರಲ್ಲಿ 42 ಪ್ರಶ್ನೆ. ಅಂಥವು 384 ತುಂಬಬೇಕು.

384ಏ ಯಾಕೆ? ಬಿಕಾಂನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದೋರು ಕ್ಯಾಲ್ಕುಲೇಟರ್ ತಗೊಳ್ಳಿ. 1.96ರ ವರ್ಗ, ಗುಣಿಸು 0.5, ಗುಣಿಸು 0.5, ಭಾಗಿಸು 0.05ರ ವರ್ಗ. 384.16 ಬರುತ್ತೆ. 95% ವಿಶ್ವಾಸ, 5% ತಪ್ಪಿಗೆ ಜಾಗ. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಅನ್ನೋರು ಇದನ್ನೇ ಒಂದು ಕೋಷ್ಟಕ ಮಾಡಿ ಕೊಟ್ಟರು, ಹತ್ತು ಲಕ್ಷ ಜನ ಇದ್ದರೂ 384 ಸಾಕು ಅಂತ. ಶೋಧಗಂಗಾಕ್ಕೆ ಹೋಗಿ ಕಾಮರ್ಸ್ ಪ್ರಬಂಧಗಳನ್ನ ತೆಗೆದು ನೋಡಿ, ಈ 384 ಮತ್ತೆ ಮತ್ತೆ ಕೈಗೆ ಸಿಗುತ್ತೆ. (ಶೋಧಗಂಗಾ ಅಂದ್ರೆ ದೇಶದ ಪಿಎಚ್‌ಡಿ ಪ್ರಬಂಧಗಳನ್ನ ಇಟ್ಟಿರೋ ಆನ್‌ಲೈನ್ ಭಂಡಾರ. ದುಡ್ಡಿಲ್ಲದೆ ಓದಬಹುದು. ಗೊತ್ತಿಲ್ಲದಿದ್ದರೆ ಇವತ್ತೇ ನೋಡಿ.)

ಆದ್ರೆ ಆ ಲೆಕ್ಕಕ್ಕೆ ಒಂದು ಷರತ್ತಿದೆ. 384 ಜನರನ್ನ ನಿಮ್ಮಿಷ್ಟಕ್ಕೆ ಆರಿಸೋ ಹಾಗಿಲ್ಲ. ಪರಿಚಯದೋರು, ನಗುಮುಖದೋರು, ಫ್ಯಾನ್ ಕೆಳಗೆ ಕುರ್ಚಿ ಕೊಡೋರು ಅಂತ ಆರಿಸಿದರೆ ಆ ಸೂತ್ರ ಅಲ್ಲೇ ಸತ್ತ ಹಾಗೆ. ಅಕ್ಕ ವಾರ್ಡುಗಳನ್ನ ಚೀಟಿ ಎತ್ತಿ ತೆಗೆದಳು, ಆಮೇಲೆ ಪ್ರತಿ ಬೀದಿಯಲ್ಲಿ ಐದನೇ ಅಂಗಡಿ. ನೆಲದ ಮೇಲೆ ಗೋಣಿಚೀಲ ಹಾಸಿ ಕೂತವರೂ ಲೆಕ್ಕಕ್ಕೆ. ಐದನೇ ಅಂಗಡಿಯವರು ಬೈದು ಕಳಿಸಿದರೆ "ನಿರಾಕರಣೆ" ಅಂತ ಬರ್ಕೊಂಡು ಮತ್ತೆ ಐದು ಎಣಿಸಬೇಕು, ಆರನೇದಕ್ಕೆ ಹೋಗೋ ಹಾಗಿಲ್ಲ. ಬೀದಿಯಲ್ಲಿ ಅತ್ಯಂತ ಸಿಡುಕಿನ ಮನುಷ್ಯ ಯಾವಾಗಲೂ ಐದನೇ ಅಂಗಡಿಯಲ್ಲೇ ಯಾಕೆ ಇರ್ತಾನೆ ಅನ್ನೋದು ಬೇರೆಯದೇ ಪಿಎಚ್‌ಡಿ ವಿಷಯ.

ಭಾಗ 2

ಪ್ರಶ್ನೆಗಳು ಎಲ್ಲಿಂದ ಬಂದವು ಅಂತ ಕೇಳಿದೀರಿ. ಇವು ಅಕ್ಕ ಕೂತು ಯೋಚಿಸಿ ಬರೆದವಲ್ಲ. ಫ್ರೆಡ್ ಡೇವಿಸ್ ಅಂತ ಒಬ್ಬರು ಅಮೆರಿಕದ ಎಂಐಟಿಯ ಸ್ಲೋನ್ ಬಿಸಿನೆಸ್ ಸ್ಕೂಲಲ್ಲಿ ಪಿಎಚ್‌ಡಿ ಮಾಡುವಾಗ ಒಂದು ಮಾದರಿ ಕಟ್ಟಿದರು. ಹೊಸ ಯಂತ್ರವನ್ನ ಜನ ಯಾಕೆ ಒಪ್ಕೋತಾರೆ? ಎರಡು ಕಾರಣ: ಇದು ಉಪಯೋಗಕ್ಕೆ ಬರುತ್ತೆ ಅನ್ನಿಸಬೇಕು, ಬಳಸೋದು ಸುಲಭ ಅನ್ನಿಸಬೇಕು. 1989ರಲ್ಲಿ ಅದು ಜರ್ನಲ್‌ನಲ್ಲಿ ಬಂತು. ಆವಾಗ ಅವರ ತಲೆಯಲ್ಲಿ ಇದ್ದದ್ದು ಆಫೀಸಿನ ಕಂಪ್ಯೂಟರು, ಇಮೇಲು. 2016ರಲ್ಲಿ ನಮ್ಮಲ್ಲಿ ಯುಪಿಐ ಬಂತು, ಅಲ್ಲಿಂದ ಇಲ್ಲಿವರೆಗೂ ಎಷ್ಟೋ ಜನ ಆ ಎರಡು ಕಾರಣಗಳನ್ನೇ ಹಿಡ್ಕೊಂಡು ಮಾರ್ಕೆಟ್ ಸುತ್ತುತ್ತಿದ್ದಾರೆ.

ನನ್ನ ಕೆಲಸ ಶುರುವಾಗಿದ್ದು ಇಲ್ಲಿ. ಅಕ್ಕ ಇಂಗ್ಲಿಷ್ ಪ್ರಶ್ನೆಗಳನ್ನ ಕನ್ನಡಕ್ಕೆ ತಂದಳು. ಮೂಲ ನೋಡಿರದ ಇನ್ನೊಬ್ಬರು ಆ ಕನ್ನಡವನ್ನ ವಾಪಸ್ ಇಂಗ್ಲಿಷ್‌ಗೆ ತರಬೇಕು, ಎರಡೂ ಹೊಂದಿದರೆ ಅನುವಾದ ಸರಿ. ಆ ಇನ್ನೊಬ್ಬರು ನಾನು. ಮೊದಲ ಕರಡಲ್ಲಿ "ಗ್ರಹಿತ ಉಪಯುಕ್ತತೆ" ಅಂತಿತ್ತು. ನಾನು ಪೆನ್ನು ಕೆಳಗಿಟ್ಟೆ. "ಅಕ್ಕ, ಇದು ಗ್ರಹಣದ ಬಗ್ಗೆನಾ?" ಕೊನೆಗೆ ಆ ಪ್ರಶ್ನೆ "ಸ್ಕ್ಯಾನರ್ ಇಟ್ಟ ಮೇಲೆ ನನ್ನ ವ್ಯಾಪಾರ ಸಲೀಸಾಗಿದೆ" ಅಂತ ಆಯ್ತು.

ಪ್ರತಿ ಸಾಲಿನ ಮುಂದೆ ಐದು ಬಾಕ್ಸ್. ಪೂರ್ತಿ ಒಪ್ತೀನಿ, ಒಪ್ತೀನಿ, ತಟಸ್ಥ, ಒಪ್ಪಲ್ಲ, ಸುತರಾಂ ಒಪ್ಪಲ್ಲ. 1932ರಲ್ಲಿ ಲಿಕರ್ಟ್ ಅನ್ನೋ ಮನಃಶಾಸ್ತ್ರಜ್ಞ ಕೊಟ್ಟ ಅಳತೆ ಇದು. ನೀವು ಝೊಮ್ಯಾಟೋಲಿ ಸ್ಟಾರ್ ಕೊಡೋದೂ ಹತ್ತಿರಹತ್ತಿರ ಇದೇ ಥರ ಅಂದ್ಕೊಳ್ಳಿ.

ಭಾಗ 3

ಈ ಭಾಗ ಬರೆಯೋಕೇ ನಾನು ಸರಣಿ ಶುರು ಮಾಡಿದ್ದು ಅಂದರೂ ತಪ್ಪಿಲ್ಲ.

ಗಾಂಧಿ ಬಜಾರಲ್ಲಿ ಹೂ ಮಾರೋ ಒಬ್ಬ ಅಜ್ಜಿ. ಎಣಿಕೆ ಪ್ರಕಾರ ಅವರೇ ಐದನೇಯವರು. ಮೇ ತಿಂಗಳ ಬಿಸಿಲು. ಅಕ್ಕ ನೆಲದ ಮೇಲೆ ಕೂತಳು, ನಾನು ಛತ್ರಿ ಹಿಡಿದೆ. ಅಜ್ಜಿ ಕಟ್ಟೋದನ್ನ ನಿಲ್ಲಿಸಲಿಲ್ಲ, ಕಟ್ಟುತ್ತಾ ಉತ್ತರ ಕೊಟ್ಟರು.

"ತಟಸ್ಥ ಅಂದ್ರೆ ಏನವ್ವಾ?"

"ಹೌದು ಅಂತಾನೂ ಇಲ್ಲ, ಇಲ್ಲ ಅಂತಾನೂ ಇಲ್ಲ ಅಜ್ಜಿ."

"ಹಂಗಾರೆ ಎಲ್ಲಾದಕ್ಕೂ ಅದ್ನೇ ಹಾಕು."

ಅಕ್ಕ ಹಾಕಲಿಲ್ಲ. ಒಂದೊಂದೇ ಬಿಡಿಸಿ ಕೇಳಿದಳು. ಸ್ಕ್ಯಾನರ್ ಬಂದ ಮೇಲೆ ಗಿರಾಕಿ ಜಾಸ್ತಿಯಾ? ಹೌದು. ಚಿಲ್ಲರೆ ತಾಪತ್ರಯ ತಪ್ಪಿದೆಯಾ? ಹೌದು. ದುಡ್ಡು ಸುರಕ್ಷಿತ ಅನ್ಸುತ್ತಾ? ಇಲ್ಲಿ ಅಜ್ಜಿ ಕೈ ನಿಂತಿತು. ಪಕ್ಕದಲ್ಲಿದ್ದ ಸೌಂಡ್‌ಬಾಕ್ಸ್ ಕಡೆ ತೋರಿಸಿ ಹೇಳಿದರು: "ಬಂತು ಬಂತು ಅಂತ ಡಬ್ಬ ಕೂಗ್ತದೆ. ನನ್ ಕೈಗೆ ಎಲ್ ಬರ್ತದೆ? ಮಗನ ಫೋನಿಗೆ ಹೋಗ್ತದೆ. ಮೊದ್ಲು ಸಂಜೆ ಸೆರಗಿನ ಗಂಟು ಬಿಚ್ಚಿ ಎಣಿಸ್ತಿದ್ದೆ. ಈಗ ಮೊಮ್ಮಗಳಿಗೆ ಐಸ್‌ಕ್ರೀಮಿಗೂ ಅವ್ನನ್ನೇ ಕೇಳ್ಬೇಕು."

ನೀವೇ ಹೇಳಿ, ಇದು ಯಾವ ಬಾಕ್ಸ್? ಉಪಯೋಗ ಇದೆ, ಹೌದು. ಸುಲಭ, ಹೌದು. ಎರಡಕ್ಕೂ ಟಿಕ್ ಬಿತ್ತು. 1989ರ ಮಾದರಿ ಪ್ರಕಾರ ಅಜ್ಜಿ ಯುಪಿಐನ ಖುಷಿಯಾಗಿ ಒಪ್ಪಿಕೊಂಡ ವ್ಯಾಪಾರಿ. ಆಫೀಸಲ್ಲಿ ಕಂಪ್ಯೂಟರ್ ಬಳಸೋನು ಯಾರೋ ಅದರ ಉಪಯೋಗ ಪಡೆಯೋನೂ ಅವನೇ ಅಂತ ಆ ಪ್ರಶ್ನೆಗಳು ಅಂದ್ಕೊಂಡಿವೆ. ಬಿಸಿಲಲ್ಲಿ ಕೂತು ಮಾರೋರು ಒಬ್ಬರು, ದುಡ್ಡು ಸೇರೋ ಅಕೌಂಟ್ ಇನ್ನೊಬ್ಬರದು ಆದ್ರೆ ಏನು ಕೇಳಬೇಕು ಅನ್ನೋದು 42ರಲ್ಲಿ ಎಲ್ಲೂ ಇಲ್ಲ.

ಅಕ್ಕ ಫಾರ್ಮಿನ ಅಂಚಲ್ಲಿ ಪೆನ್ಸಿಲಿಂದ ಬರ್ಕೊಂಡಳು: "ಕ್ಯೂಆರ್ ಯಾರ ಹೆಸರಲ್ಲಿ?" ಆವತ್ತಿಂದ ಪ್ರತಿಯೊಬ್ಬರನ್ನೂ ಬಾಯಿಮಾತಲ್ಲಿ ಅದನ್ನ ಕೇಳೋಕೆ ಶುರು ಮಾಡಿದಳು. ಮಗನ ಹೆಸರಲ್ಲಿ, ಗಂಡನ ಹೆಸರಲ್ಲಿ, ಭಾವನ ಹೆಸರಲ್ಲಿ. ಒಂದು ಕಡೆ ಮಾತ್ರ ಸೊಸೆ ಹೆಸರಲ್ಲಿತ್ತು, ಅತ್ತೆ ಅದನ್ನ ಹೇಳಿದ ರೀತಿ ಕೇಳಿ ನಾವಿಬ್ಬರೂ ತುಟಿ ಕಚ್ಚಿಕೊಂಡು ನಗು ತಡೆದೆವು.

ಗೈಡ್ ಸರ್ ಆ ಅಂಚಿನ ಬರಹಗಳನ್ನ ನೋಡಿ ಬೈತಾರೆ ಅಂತ ನಾನು ಅಂದ್ಕೊಂಡಿದ್ದೆ. ಬೈಲಿಲ್ಲ. "ಇದನ್ನ ಪ್ರತ್ಯೇಕ ಅಧ್ಯಾಯ ಮಾಡಮ್ಮ, ಇಪ್ಪತ್ತು ಜನ ಹೆಂಗಸರನ್ನ ಕೂರಿಸಿ ಮಾತಾಡಿಸು" ಅಂದರಂತೆ. ಅಂದ್ರೆ ಕೆಲಸ ಇನ್ನೂ ಒಂದು ವರ್ಷ ಮುಂದಕ್ಕೆ ಹೋಯ್ತು. ದೊಡ್ಡಮ್ಮ ಆವತ್ತು ರಾತ್ರಿ ಊಟ ಮಾಡಲಿಲ್ಲ.

ಭಾಗ 4

ಜುಲೈ 2025 ಹೊತ್ತಿಗೆ 211 ಫಾರ್ಮ್ ಆಗಿತ್ತು. ಆಮೇಲೆ ಏನಾಯ್ತು ಅಂತ ನಿಮಗೂ ಗೊತ್ತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ನಿಯಮ ನಾವು ಪುಸ್ತಕದಲ್ಲಿ ಓದಿದ್ದೇ: ಸರಕು ಮಾರೋರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆ ಆದ್ರೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆದ್ರೆ ಪುಸ್ತಕದಲ್ಲಿ ಓದೋದು ಬೇರೆ, ಬೇಕರಿ ಇಟ್ಟೋನ ಕೈಗೆ ಲಕ್ಷಗಟ್ಟಲೆ ಅಂಕಿ ಬರೆದ ಕಾಗದ ಬರೋದು ಬೇರೆ. ಬೆಂಗಳೂರಲ್ಲಿ ಅಂಗಡಿಗಳ ಮುಂದೆ "ನೋ ಯುಪಿಐ, ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿದವು. ಸುದ್ದಿ ಇಲ್ಲಿಗೂ ಬಂತು.

ಅಂಥ ತಿಂಗಳಲ್ಲಿ ಇಬ್ಬರು ಹುಡುಗಿಯರು ಕೈಚೀಲ ಹಿಡ್ಕೊಂಡು ಬಂದು "ದಿನಕ್ಕೆ ಸ್ಕ್ಯಾನರ್‌ನಲ್ಲಿ ಎಷ್ಟು ಬರುತ್ತೆ?" ಅಂತ ಕೇಳಿದರೆ ನೀವಾಗಿದ್ದರೆ ಏನು ಹೇಳ್ತಿದ್ರಿ?

ಅಕ್ಕ ವಿಭಾಗದಿಂದ ಪತ್ರ ತಂದಿದ್ದಳು. ಸಂಶೋಧನೆಗೆ ಮಾತ್ರ, ಹೆಸರು ಬರ್ಕೊಳ್ಳಲ್ಲ, ಯಾರಿಗೂ ಕೊಡಲ್ಲ ಅಂತ ಅದರಲ್ಲಿತ್ತು. ಕೆಳಗೆ ದುಂಡನೆ ಸೀಲು. ಆ ಸೀಲೇ ಮುಳುವಾಯ್ತು. ಒಬ್ಬ ಪಾತ್ರೆ ಅಂಗಡಿಯವರು ಸೀಲು ನೋಡಿದ್ದೇ ಶಟರ್ ಅರ್ಧ ಎಳೆದರು. ಇನ್ನೊಬ್ಬರು ಬಹಳ ಮರ್ಯಾದೆಯಿಂದ ನೀರು ಕೊಟ್ಟು, "ಮೇಡಂ, ನಮ್ಮಲ್ಲಿ ಸ್ಕ್ಯಾನರ್ರೇ ಇಲ್ಲ" ಅಂದರು. ಹಿಂದಿನ ಗೋಡೆ ಮೇಲೆ ಟೇಪಿನ ನಾಲ್ಕು ಗುರುತು ಹೊಸದಾಗಿ ಕಾಣ್ತಿತ್ತು. ಎರಡನೇ ಫೋಟೋದಲ್ಲಿ ಇರೋದು ಆ ಗೋಡೆಯಲ್ಲ, ಅನುಮತಿ ಕೇಳೋ ಧೈರ್ಯ ಬರಲಿಲ್ಲ. ಅದು ನಮ್ಮನೆ ಗೋಡೆ.

ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ನಡೆಸಿ ಭರವಸೆ ಕೊಟ್ಟ ಮೇಲೆ ಬಿಸಿ ಆರಿತು. ಆದ್ರೆ ಅಕ್ಕನ ತೊಂದರೆ ಆರಲಿಲ್ಲ. ಜುಲೈಗೆ ಮುಂಚೆ "ಯುಪಿಐ ಸುರಕ್ಷಿತ" ಅಂತ ಟಿಕ್ ಹಾಕಿದೋರು ಕಳ್ಳತನದ ಬಗ್ಗೆ, ಖೋಟಾ ನೋಟಿನ ಬಗ್ಗೆ ಯೋಚನೆ ಮಾಡ್ತಿದ್ದರು. ಜುಲೈ ಆದ ಮೇಲೆ ಅದೇ ಪ್ರಶ್ನೆಗೆ ತೆರಿಗೆ ನೋಟಿಸ್ ಬಗ್ಗೆ ಯೋಚನೆ ಮಾಡಿ ಉತ್ತರ ಕೊಡ್ತಿದ್ದಾರೆ. ಪ್ರಶ್ನೆ ಒಂದೇ, ಅರ್ಥ ಎರಡು. ಎರಡನ್ನೂ ಒಂದೇ ಎಕ್ಸೆಲ್ ಶೀಟಿಗೆ ಸುರಿದು ಸರಾಸರಿ ತೆಗೆಯೋದು ಹೇಗೆ?

ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿ ಮುಂದೆ ನಿಂತು ಪ್ರಗತಿ ಹೇಳಬೇಕು. ಅಲ್ಲಿ ಅಕ್ಕ, ಇದನ್ನೇ ಹೋಲಿಕೆ ಮಾಡ್ತೀನಿ, ಜುಲೈ ಮುಂಚೆ ಮತ್ತು ಜುಲೈ ಆದ ಮೇಲೆ ಅಂದಳು. ಒಬ್ಬರು ಮೇಡಂ ಕೇಳಿದರಂತೆ: "ಮುಂಚೆ ಹೋಗಿದ್ದು ಬೇರೆ ವಾರ್ಡು, ಆಮೇಲೆ ಹೋಗೋದು ಬೇರೆ ವಾರ್ಡು. ವ್ಯತ್ಯಾಸ ಕಂಡರೆ ಅದು ನೋಟಿಸಿಂದಲೋ ವಾರ್ಡಿಂದಲೋ ಅಂತ ಹೇಗೆ ಹೇಳ್ತೀಯಮ್ಮ?" ಉತ್ತರ ಇಲ್ಲ. ಹಾಗಾಗಿ ಹಳೇ 211ರಲ್ಲಿ 40 ಅಂಗಡಿಗೆ ಮತ್ತೆ ಹೋಗಬೇಕು, ಅದೇ ಪ್ರಶ್ನೆ ಮತ್ತೆ ಕೇಳಬೇಕು. ಮೂರು ಗಂಟೆ ನಡೆದ ಮೀಟಿಂಗಲ್ಲಿ ಅಕ್ಕನಿಗೆ ಅತಿ ಸಿಟ್ಟು ಬಂದದ್ದು ಆ ಮಾತಿಗೆ, ಅತಿ ಉಪಯೋಗಕ್ಕೆ ಬಂದದ್ದೂ ಅದೇ.

ಭಾಗ 5

ಆಗಸ್ಟ್‌ನಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಒಬ್ಬರು ಸಿಕ್ಕರು. ಹೆಸರು, ಊರು ಬೇಡ. "ಮೇಡಂ, ಯಾಕೆ ಬಿಸಿಲಲ್ಲಿ ಸುತ್ತುತೀರಿ? ನಿಮ್ಮ ಫಾರ್ಮ್ ಕೊಡಿ, ಹತ್ತು ದಿನದಲ್ಲಿ ತುಂಬಿ ಕೊಡ್ತೀವಿ. ಫಾರ್ಮಿಗೆ ಇಷ್ಟು ಅಂತ ರೇಟಿದೆ. ಬೇಕಿದ್ರೆ ಅನಾಲಿಸಿಸ್ಸೂ ಮಾಡಿ ಕೊಡೋಣ, ಫಲಿತಾಂಶ ಯಾವ ಥರ ಬೇಕು ಹೇಳಿ." ಕೊನೆ ಮಾತು ಅವರು ತಮಾಷೆಗೆ ಹೇಳಿದ್ದಲ್ಲ.

ಅಕ್ಕ ಜೆರಾಕ್ಸ್ ದುಡ್ಡು ಕೊಟ್ಟು ಹೊರಗೆ ಬಂದಳು. ಬಸ್‌ಸ್ಟ್ಯಾಂಡಿನವರೆಗೂ ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಅವರು ತುಂಬಿ ಕೊಟ್ಟರೆ ಯಾರಿಗಾದರೂ ಗೊತ್ತಾಗುತ್ತಾ?"

ಪ್ರಲೋಭನೆ ಅಂತ ನಾನು ಅಂದ್ಕೊಂಡೆ. ಅಲ್ಲ, ಅವಳು ನಿಜವಾಗಲೂ ಆ ಪ್ರಶ್ನೆ ಹಿಂದೆ ಬಿದ್ದಳು. ಆ ವಾರ ಅವಳು ಓದಿ ನನಗೆ ಹೇಳಿದ ಕಥೆ ಇದು. 2012ರಲ್ಲಿ ಅಮೆರಿಕದ ಒಂದು ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಪ್ರಾಮಾಣಿಕತೆ ಬಗ್ಗೆ ಒಂದು ಪೇಪರ್ ಬಂತು. ಫಾರ್ಮಿನ ಕೆಳಗೆ ಸಹಿ ಹಾಕಿಸೋ ಬದಲು ಮೇಲೆ ಹಾಕಿಸಿದರೆ ಜನ ಕಡಿಮೆ ಸುಳ್ಳು ಹೇಳ್ತಾರೆ ಅಂತ. ಅದರಲ್ಲಿ ಒಂದು ಭಾಗ ಕಾರ್ ಇನ್ಶೂರೆನ್ಸ್ ಗ್ರಾಹಕರು ಬರೆದುಕೊಟ್ಟ ಓಡೋಮೀಟರ್ ಅಂಕಿಗಳದ್ದು. 2021ರಲ್ಲಿ ಡೇಟಾ ಕೊಲಾಡ ಅನ್ನೋ ಹೆಸರಲ್ಲಿ ಬರೆಯೋ ಮೂವರು, ಮೂವರೂ ಬಿಸಿನೆಸ್ ಸ್ಕೂಲಿನ ಮೇಷ್ಟ್ರುಗಳೇ, ಆ ಅಂಕಿಗಳು ಕಟ್ಟಿದವು ಅಂತ ತೋರಿಸಿದರು. ಅದೇ ವರ್ಷ ಪೇಪರ್ ವಾಪಸ್ ಹೋಯ್ತು.

ಹೇಗೆ ಸಿಕ್ಕಿಬಿತ್ತು ಗೊತ್ತಾ? ಮನುಷ್ಯರು ಅಂಕಿ ಬರೆಯುವಾಗ ದುಂಡು ಮಾಡ್ತಾರೆ. 48,000 ಅಂತಾರೆ, 48,500 ಅಂತಾರೆ. ಗ್ರಾಹಕರು ಮೊದಲು ಕೊಟ್ಟ ಅಂಕಿಗಳಲ್ಲಿ ಹೀಗೆ ಸೊನ್ನೆಗಳು ತುಂಬಿದ್ದವು. ಎರಡನೇ ಸಲ ಕೊಟ್ಟರು ಅಂತ ಇದ್ದ ಅಂಕಿಗಳಲ್ಲಿ ಆ ದುಂಡೇ ಇರಲಿಲ್ಲ. ಇನ್ನೊಂದು, ಕಾರುಗಳು ಎಷ್ಟು ಓಡಿದ್ದವು ಅಂತ ನೋಡಿದರೆ ಸೊನ್ನೆಯಿಂದ 50,000 ಮೈಲಿವರೆಗೆ ಸರಿಸಮ ಹರಡಿತ್ತು, ಅಲ್ಲಿಗೆ ಕತ್ತರಿಸಿದ ಹಾಗೆ ನಿಂತಿತ್ತು. ನಿಜವಾದ ಊರಲ್ಲಿ ಹಾಗೆ ಆಗಲ್ಲ. ಹೆಚ್ಚಿನವರು ಮಧ್ಯದಲ್ಲೆಲ್ಲೋ ಇರ್ತಾರೆ, ಒಂದಿಬ್ಬರು ಮಾತ್ರ ಹುಚ್ಚರ ಥರ ಓಡಿಸಿರ್ತಾರೆ.

ಅಕ್ಕ ತನ್ನ 211 ಫಾರ್ಮ್ ತೆಗೆದು ನೋಡಿದಳು. ದಿನದ ವ್ಯಾಪಾರ: "ಒಂದು ಐದು ಸಾವಿರ", "ಎರಡೂವರೆ ಅಂತ ಹಾಕ್ಕೊಳ್ಳಿ", "ಸಂತೆ ದಿನ ಹತ್ತು, ಇಲ್ದಿದ್ರೆ ಮೂರು". ಒಂದೇ ಒಂದು 4,837 ಇಲ್ಲ. ಅವಳ ಮುಖದಲ್ಲಿ ಬಂದ ಸಮಾಧಾನ ನೋಡಬೇಕಿತ್ತು ನೀವು. ಯಾರೋ ಬದುಕಿರೋ ಮನುಷ್ಯ ಎದುರಿಗೆ ನಿಂತು ಸುಮಾರಾಗಿ ಹೇಳಿದ್ದಾನೆ ಅನ್ನೋದಕ್ಕೆ ಆ ಸೊನ್ನೆಗಳೇ ಸಾಕ್ಷಿ.

ಭಾಗ 6

ಈಗ ನಮ್ಮಪ್ಪನ ವಿಷಯ.

ವಿನೋಬನಗರದಲ್ಲಿ ನಮ್ಮದು ಕಿರಾಣಿ ಅಂಗಡಿ. ಎಣಿಸ್ತಾ ಬಂದಾಗ ನಮ್ಮ ಬೀದಿಯಲ್ಲಿ ಐದನೇದು ನಮ್ಮದೇ ಬಂತು. ಅಪ್ಪನಿಗೆ ಖುಷಿಯೋ ಖುಷಿ. ಕನ್ನಡಕ ಒರೆಸಿಕೊಂಡು, ನನ್ನನ್ನ ಗಲ್ಲದಲ್ಲಿ ಕೂರಿಸಿ, ಫಾರ್ಮನ್ನ ಒಳಗೆ ತಗೊಂಡು ಹೋದರು. ಐದೇ ನಿಮಿಷದಲ್ಲಿ ವಾಪಸ್. 42ಕ್ಕೂ "ಪೂರ್ತಿ ಒಪ್ತೀನಿ".

ಪ್ರಶ್ನಾವಳಿಯಲ್ಲಿ ಒಂದು ಉಪಾಯ ಇರುತ್ತೆ. ಎಂಟನೇ ಸಾಲಲ್ಲಿ "ಸ್ಕ್ಯಾನರ್‌ನಿಂದ ವ್ಯಾಪಾರ ಸಲೀಸಾಗಿದೆ" ಅಂತಿದ್ರೆ, ಮೂವತ್ತೊಂದನೇ ಸಾಲಲ್ಲಿ "ಸ್ಕ್ಯಾನರ್‌ನಿಂದ ವ್ಯಾಪಾರಕ್ಕೆ ತೊಡಕಾಗಿದೆ" ಅಂತ ತಿರುಗಿಸಿ ಕೇಳಿರ್ತಾರೆ. ಎರಡನ್ನೂ ಪೂರ್ತಿ ಒಪ್ಪಿದೋರು ಓದದೇ ಟಿಕ್ ಹಾಕಿದಾರೆ ಅಂತ ಅರ್ಥ. ಅಂಥದ್ದನ್ನ ತೆಗೆದುಹಾಕಬೇಕು.

ಅಕ್ಕ ಹೇಳಿದಾಗ ಅಪ್ಪ ಪೆಚ್ಚಾದರು. "ನಿಂಗೆ ಬೇಗ ಮುಗೀಲಿ ಅಂತ ಎಲ್ಲದಕ್ಕೂ ಹೌದು ಅಂದೆ ಕಣಮ್ಮ."

"ಚಿಕ್ಕಪ್ಪ, ಹಾಗೆ ಆಗಲ್ಲ. ಇದನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ."

"ಮತ್ತೊಂದು ಕೊಡು, ಓದಿ ತುಂಬ್ತೀನಿ."

"ಆಗ್ಲೇ ನಿಮಗೆ ಯಾವುದು ತಿರುಗಿಸಿ ಕೇಳಿದ್ದು ಅಂತ ಗೊತ್ತಾಯ್ತಲ್ಲ."

ಎರಡು ದಿನ ಅಪ್ಪ "ನಾನೇನು ವ್ಯಾಪಾರಿ ಅಲ್ವಾ" ಅಂತ ಗೊಣಗಿದರು. ನನಗೆ ಬೇರೆಯೇ ಹೊಳೆಯಿತು. ನಮ್ಮ ಅಂಗಡಿ ಖಾತೆ ಬರೆಯೋಳು ನಾನು. ಸ್ಕ್ಯಾನರ್ ಬಂದ ಮೇಲೆ ಉದ್ರಿ ಕಡಿಮೆಯಾಗಿದೆ ನಿಜ, ಆದ್ರೆ ಮೊದಲು ಹತ್ತು ರೂಪಾಯಿ ಚಿಲ್ಲರೆ ಇಲ್ಲ ಅಂತ ಇನ್ನೊಂದು ಸಾಮಾನು ತಗೊಂಡು ಹೋಗ್ತಿದ್ದ ಗಿರಾಕಿ ಈಗ 27 ರೂಪಾಯಿಗೆ 27ನೇ ಹಾಕಿ ಹೋಗ್ತಾನೆ. ಅಪ್ಪ ಅದನ್ನ ದಿನಾ ರಾತ್ರಿ ಅಮ್ಮನ ಹತ್ರ ಹೇಳ್ತಾರೆ, ಫಾರ್ಮಿನಲ್ಲಿ ಹೇಳಲಿಲ್ಲ. ಎದುರಿಗೆ ಇರೋರಿಗೆ ಒಳ್ಳೇದಾಗಲಿ ಅಂತ ಹೇಳೋ ಹೌದು, ಎದುರಿಗೆ ಇರೋರಿಗೆ ಹೆದರಿ ಹೇಳೋ ಇಲ್ಲ. ಕ್ಷೇತ್ರಕಾರ್ಯ ಅಂದ್ರೆ ಈ ಎರಡರ ನಡುವೆ ದಾರಿ ಮಾಡ್ಕೊಂಡು ಹೋಗೋದು ಅನ್ನಿಸ್ತು.

ಭಾಗ 7

ಡಿಎಂನಲ್ಲಿ ನೀವು ಕೇಳಿದ್ದಕ್ಕೆ ಗಡಿಬಿಡಿ ಉತ್ತರ.

ಡಿಗ್ರಿ ಆದ ತಕ್ಷಣ ಪಿಎಚ್‌ಡಿ ಮಾಡಬಹುದಾ? ಯುಜಿಸಿಯ 2022ರ ನಿಯಮದಲ್ಲಿ ನಾಲ್ಕು ವರ್ಷದ ಡಿಗ್ರಿಯಲ್ಲಿ 75% ಬಂದರೆ ಅವಕಾಶ ಇದೆ. ಆದ್ರೆ ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂತು, ನಾನು ಸೇರಿದ್ದೇ ಆ ಬ್ಯಾಚಲ್ಲಿ. ನಮಗೆ ಎಂಕಾಂ ಅಥವಾ ಎಂಬಿಎ ಎರಡು ವರ್ಷ, ಅದರಲ್ಲಿ 55%, ಆಮೇಲೆ ಪ್ರವೇಶ ಪರೀಕ್ಷೆ ಅಥವಾ ನೆಟ್. ಎಂಫಿಲ್ ಈಗ ಇಲ್ಲ.

ದುಡ್ಡು? ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಸಿಗದಿದ್ದರೆ ಅಕ್ಕನ ಥರ ಪಾಠ ಮಾಡ್ಕೊಂಡು ಓದಬೇಕು. ಎಷ್ಟು ವರ್ಷ? ಕನಿಷ್ಠ ಮೂರು, ಗರಿಷ್ಠ ಆರು. ಹೆಂಗಸರಿಗೆ ಎರಡು ವರ್ಷ ಹೆಚ್ಚು ಕೊಡಬಹುದು, 240 ದಿನದ ಹೆರಿಗೆ ರಜೆಯೂ ಇದೆ. ದೊಡ್ಡಮ್ಮನಿಗೆ ಈ ನಿಯಮ ಓದಿ ಹೇಳಿದೆ. "ಹೆರಿಗೆ ರಜೆ ಕೊಡ್ತಾರಂತೆ, ಮದುವೆಗೆ ಎಷ್ಟು ದಿನ ಕೊಡ್ತಾರೆ ಕೇಳು" ಅಂದರು.

ಗೈಡ್ ಸಿಗೋದು ಯಾಕೆ ಕಷ್ಟ? ಒಬ್ಬ ಪ್ರೊಫೆಸರ್ ಒಂದೇ ಸಲ 8 ಜನರನ್ನ ಮಾತ್ರ ತಗೋಬಹುದು, ಅಸೋಸಿಯೇಟ್ 6, ಅಸಿಸ್ಟೆಂಟ್ 4. ವಿಭಾಗದಲ್ಲಿ ಹುದ್ದೆ ಖಾಲಿ ಇದ್ದಷ್ಟೂ ಸೀಟು ಕಡಿಮೆ. ಅಷ್ಟೇ ಲೆಕ್ಕ.

ಭಾಗ 8

ಇವತ್ತಿಗೆ 352. ಮತ್ತೆ ಹೋಗಬೇಕಿದ್ದ 40ರಲ್ಲಿ 29 ಆಯ್ತು. ಅದರಲ್ಲಿ ಮೂರು ಅಂಗಡಿ ಈಗ ಇಲ್ಲ, ಒಂದು ಕಡೆ ಮೊಬೈಲ್ ರಿಪೇರಿ ಬಂದಿದೆ. ಹಾಗೆ ಇಲ್ಲವಾದದ್ದನ್ನೂ ಬರ್ಕೋಬೇಕಂತೆ, ಅದೂ ಒಂದು ಉತ್ತರ.

ಹೂವಿನ ಅಜ್ಜಿ ಹತ್ರ ಹೋದ ತಿಂಗಳು ಎರಡನೇ ಸಲ ಹೋದೆವು. ಕ್ಯೂಆರ್ ಈಗಲೂ ಮಗನದೇ. ಆದ್ರೆ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬ ಇತ್ತು, ಕ್ಯಾಶ್ ಕೊಟ್ಟೋರಿಗೆ ಅಜ್ಜಿ ಎರಡು ಹೂ ಜಾಸ್ತಿ ಸೇರಿಸಿ ಅಳೆಯುತ್ತಿದ್ದರು. "ಇದನ್ನ ಬರ್ಕೋಬೇಡ, ಮಗ ಓದಿಬಿಟ್ಟಾನು" ಅಂದರು. ಹೆಸರು ಎಲ್ಲೂ ಬರಲ್ಲ ಅಜ್ಜಿ ಅಂತ ಹೇಳಿ, ಇಲ್ಲೂ ಹಾಕಬಹುದಾ ಅಂತ ಕೇಳಿ, ಹೂಂ ಅನ್ನಿಸಿಕೊಂಡೇ ಬರೆದಿದ್ದೀನಿ.

ನನಗೆ ಮುಂದಿನ ವರ್ಷ ಫೈನಲ್. ಅಪ್ಪನಿಗೆ ಬ್ಯಾಂಕ್ ಪರೀಕ್ಷೆ ಬರೀಲಿ ಅಂತ ಆಸೆ. ಎಂಕಾಂಗೆ ಯಾವ ಯಾವ ಯೂನಿವರ್ಸಿಟಿ ಅಂತ ನಾನು ಪಟ್ಟಿ ಮಾಡ್ತಿದ್ದೀನಿ, ಇನ್ನೂ ಮನೆಯಲ್ಲಿ ತೋರಿಸಿಲ್ಲ. ಈ ಭಾನುವಾರ ಅಕ್ಕನ ಜೊತೆ ಉಳಿದ ವಾರ್ಡಿಗೆ ಹೋಗ್ತೀವಿ, ಛತ್ರಿ ನನ್ನದು. ನಿಮ್ಮ ಬೀದಿಯಲ್ಲಿ ಯಾರಾದ್ರೂ ಅಂಗಡಿ ಎಣಿಸಿಕೊಂಡು ಬರ್ತಿದ್ರೆ ಅದು ನಾವೇ. ನಿಮ್ಮದು ಐದನೇದಾಗಿದ್ದು ಮಾತಾಡೋಕೆ ಇಷ್ಟ ಇಲ್ಲ ಅಂದ್ರೆ ಇಲ್ಲ ಅಂತಲೇ ಹೇಳಿ, ಬೇಜಾರಿಲ್ಲ, ಅದಕ್ಕೂ ಒಂದು ಕಾಲಂ ಇದೆ.

#ಬಿಕಾಂಟಿಪ್ಪಣಿ #ಶಿವಮೊಗ್ಗ #ಪಿಎಚ್‌ಡಿ